ನಲವತ್ತು ಚಿಲ್ಲರೆ

ಸೋನಿ ಕಂಪನಿಯ ವಿಡಿಯೋ ಗೇಮ್ ಯಂತ್ರ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಐವತ್ತು ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆ. ಆ ಹತ್ತು ರೂಪಾಯಿಯನ್ನು ಕಂಪನಿಯವರು ಯಾಕೆ ಬಿಟ್ಟರು ಅಂತ ಬೇರೆಯವರು ತಲೆ ಕೆಡಿಸಿಕೊಳ್ಳಲಿ. ನನಗಂತೂ ಅದರಿಂದ ತುಂಬ ಉಪಕಾರವಾಯಿತು. ಹೆಂಡತಿ "ಎಷ್ಟಂತೆ ಅದು?" ಅಂತ ಕೇಳಿದಾಗ ಧೈರ್ಯವಾಗಿ "ನಲವತ್ತು ಚಿಲ್ಲರೆ" ಅಂದೆ. ಸುಳ್ಳಲ್ಲ. ಚಿಲ್ಲರೆಯೇ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತು ಇತ್ತು, ಅಷ್ಟೇ.

"ಚಿಲ್ಲರೆ ಎಷ್ಟ್ರೀ?" ಅಂದಳು. ಅವಳು ಬಿ.ಕಾಂ.

ಇದಕ್ಕೆಲ್ಲ ಮೂಲ ನನ್ನ ಭಾಮೈದ. ವೈಟ್‌ಫೀಲ್ಡಿನಲ್ಲಿ ಕೆಲಸ, ಆಗ ಇನ್ನೂ ಮದುವೆಯಾಗಿರಲಿಲ್ಲ, ಸಂಬಳ ಪೂರ್ತಿ ಅವನದೇ. ಗೇಮ್ ಕನ್ಸೋಲ್, ಅಂದರೆ ಇಂಥ ಯಂತ್ರ, ತಗೊಂಡರೆ ಬಿಡುಗಡೆಯ ದಿನವೇ ತಗೋಬೇಕು ಅನ್ನುವುದು ಅವನ ಸಿದ್ಧಾಂತ. ಮೊದಲ ದಿನ ತಗೊಂಡವರು ಗೇಮರ್‌ಗಳು. ಎರಡನೇ ದಿನ ತಗೊಂಡವರು ಬರೀ ಗಿರಾಕಿಗಳು. 2020ರ ನವೆಂಬರ್ 12ಕ್ಕೆ ಪ್ಲೇಸ್ಟೇಷನ್ 5 ಅಮೆರಿಕ, ಜಪಾನಿನಲ್ಲಿ ಬಂತು. ವಾರದ ಮೇಲೆ ಯುರೋಪಿಗೆ ಬಂತು. ಆ ಪಟ್ಟಿಯಲ್ಲಿ ಭಾರತದ ಹೆಸರೇ ಇರಲಿಲ್ಲ. ಎದುರು ಪಾರ್ಟಿಯಾದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮಾತ್ರ ನವೆಂಬರ್ 10ಕ್ಕೇ ಇಲ್ಲಿಗೂ ಬಂದು ಕೂತಿತ್ತು. ಅದರ ಬೆಲೆಯೂ 49,990. "ಅದನ್ನೇ ತಗೋಬಾರದೇನೋ?" ಅಂತ ಕೇಳಿದೆ. "ಭಾವ, ಇನ್ನೊಂದ್ಸಲ ಹಾಗನ್ಬೇಡಿ" ಅಂದ. ಆಮೇಲೆ ಸ್ವಲ್ಪ ದಿನ ಫೋನೇ ಮಾಡಲಿಲ್ಲ.

ಎಲ್ಲವನ್ನೂ ಅವನ ತಲೆಗೆ ಕಟ್ಟುವುದೂ ಸರಿಯಲ್ಲ. ಆಸೆ ನನಗೂ ಇತ್ತು. 1990ರ ದಶಕದಲ್ಲಿ ತಿಪಟೂರಿನ ನಮ್ಮ ಬೀದಿಯಲ್ಲಿ, ಕೊಬ್ಬರಿ ಮಂಡಿಯವರ ಮನೆಯಲ್ಲಿ ಒಂದು ವಿಡಿಯೋ ಗೇಮ್ ಇತ್ತು. ಟಿವಿಯ ಆಂಟೆನಾ ವೈರು ಕಿತ್ತು ಅದರ ವೈರು ಸಿಕ್ಕಿಸಬೇಕು. ಹಳದಿ ಕ್ಯಾಸೆಟ್ಟಿನ ಮೇಲೆ "9999999 ಇನ್ 1" ಅಂತ ಬರೆದಿತ್ತು. ಒಳಗೆ ಇದ್ದದ್ದು ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋ ಆಟ, ಮುಂದಕ್ಕೆ ಹೋದರೆ ಮತ್ತೆ ಮಾರಿಯೋ. ಕ್ಯಾಸೆಟ್ ಓಡದಿದ್ದರೆ ತೆಗೆದು ಅದರ ಬಾಯಿಗೆ ಉಫ್ ಅಂತ ಊದಬೇಕು. ಅದೆಲ್ಲ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂದರೆ ತಿಪಟೂರಿಗೆ ಬರುವಷ್ಟರಲ್ಲಿ ಆ ಯಂತ್ರಕ್ಕೆ ಸುಮಾರು ಹತ್ತು ವರ್ಷ ವಯಸ್ಸಾಗಿತ್ತು. ನಮಗೆ ಅದು ಹೊಚ್ಚ ಹೊಸದು. ಬಿಡುಗಡೆ ದಿನ, ಪ್ರೀ ಆರ್ಡರ್ ಯಾವುದೂ ಇರಲಿಲ್ಲ. ಮಂಡಿಯವರ ಮಗನ ಮನಸ್ಸು ಚೆನ್ನಾಗಿರಬೇಕಿತ್ತು, ಅಷ್ಟೇ. ಅವನ ಹೋಮ್‌ವರ್ಕ್ ಯಾರು ಮಾಡಿಕೊಡುತ್ತಿದ್ದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಆದ್ದರಿಂದ ಜೀವನದಲ್ಲಿ ಒಂದು ಸಲವಾದರೂ, ಊರವರೆಲ್ಲ ತಗೊಳ್ಳುವ ದಿನವೇ ನಾನೂ ಒಂದು ವಸ್ತು ತಗೋಬೇಕು ಅನ್ನಿಸಿತು. ಬಣ್ಣದ ಟಿವಿ, ಮೊಬೈಲು, ವಾಷಿಂಗ್ ಮೆಷಿನ್ನು ಎಲ್ಲವೂ ನಮ್ಮ ಮನೆಗೆ ಬಂದದ್ದು ಬೀದಿಯಲ್ಲಿ ಕೊನೆಗೆ. ಯಾಕೆಂದರೆ ನಮ್ಮ ಮನೆಯಲ್ಲಿ ಅಪ್ಪ ಇದ್ದಾರೆ.

ಅಪ್ಪ ಕೆಇಬಿಯಲ್ಲಿ ಮೀಟರ್ ರೀಡರ್ ಆಗಿ ನಿವೃತ್ತರಾದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿ, ಬೆಸ್ಕಾಂ ಆಗಿ ಎರಡು ದಶಕ ಕಳೆದರೂ ಅವರಿಗೆ ಅದು ಕೆಇಬಿಯೇ. ಅವರ ಬಳಿ ಯಾವ ವಸ್ತು ತಂದು ತೋರಿಸಿದರೂ ಎರಡೇ ಪ್ರಶ್ನೆ. ಎಷ್ಟು ವ್ಯಾಟು? ಈಗಲೇ ಯಾಕೆ?

"350 ವ್ಯಾಟ್ ಅಂತ ಬರ್ದಿದೆ ಅಪ್ಪ. ಆಟ ಆಡುವಾಗ ಸುಮಾರು 200 ತಗೊಳ್ಳುತ್ತಂತೆ."

"ನಮ್ಮ ಫ್ರಿಜ್ಜೂ ಇಷ್ಟು ತಿನ್ನಲ್ಲ ಕಣೋ. ಫ್ರಿಜ್ಜಲ್ಲಿ ಹಾಲಾದ್ರೂ ಕೆಡಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೆಯದಕ್ಕೆ ಬಂದರು. "ಈಗಲೇ ಯಾಕೆ? ಕಾದ್ರೆ ಇಳಿಯುತ್ತೆ."

ಕಾದ್ರೆ ಇಳಿಯುತ್ತೆ. ನಮ್ಮ ಮನೆಯ ಅರ್ಥಶಾಸ್ತ್ರವೆಲ್ಲ ಈ ಎರಡು ಪದದಲ್ಲಿದೆ. ಬರುವ ಕರೆಗೂ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ಮೊಬೈಲ್ ತಗೊಂಡವರನ್ನು ಕಂಡು ಅಪ್ಪ ನಕ್ಕಿದ್ದರು. ಕೊನೆಗೆ ನಗು ಅವರದೇ ಆಯಿತು. ಅವರ ಮಾತನ್ನು ಸುಳ್ಳು ಮಾಡೋಣ ಅಂತ ಕನ್ಸೋಲ್‌ಗಳ ಇತಿಹಾಸ ತೆಗೆದು ಓದಿದೆ. ಓದಬಾರದಿತ್ತು. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ನೇ ಇಸವಿಯಲ್ಲಿ 299 ಡಾಲರ್. 2009ರಲ್ಲಿ 99. ಪ್ಲೇಸ್ಟೇಷನ್ 3ರ ದೊಡ್ಡ ಮಾದರಿ 2006ರಲ್ಲಿ 599 ಡಾಲರ್. ಮೂರು ವರ್ಷ ಕಾದವರಿಗೆ ಅದರ ತೆಳ್ಳಗಿನ ಮಾದರಿ 299ಕ್ಕೆ ಸಿಕ್ಕಿತು. ಮೊದಲ ದಿನ ಓಡಿದವರ ಕಥೆ ಇನ್ನೂ ಚೆಂದ. 1983ರ ಆ ಫ್ಯಾಮಿಕಾಮ್ ಇತ್ತಲ್ಲ, ಅದರ ಮೊದಲ ಕಂತಿನಲ್ಲಿ ಚಿಪ್ ಕೈಕೊಟ್ಟು ನಿಂಟೆಂಡೊದವರು ಮಾರಿದ್ದನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಮೂರು ಕೆಂಪು ದೀಪ ಹೊತ್ತಿಕೊಂಡರೆ ಕಥೆ ಮುಗಿಯಿತು ಅಂತ ಅರ್ಥ. ಅದು ಎಷ್ಟು ಜನಕ್ಕೆ ಹೊತ್ತಿಕೊಂಡಿತೆಂದರೆ, 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ರಿಪೇರಿಗೆ ನೂರು ಕೋಟಿ ಡಾಲರಿಗೂ ಜಾಸ್ತಿ ಎತ್ತಿಟ್ಟಿತು.

ಇದನ್ನೆಲ್ಲ ಅಪ್ಪನಿಗೆ ಹೇಳಲಿಲ್ಲ. ಭಾಮೈದನಿಗೆ ಹೇಳಿದೆ. "ಭಾವ, ಇತಿಹಾಸ ಓದೋರು ಗೇಮ್ ಆಡಲ್ಲ" ಅಂದ.

ಹೆಂಡತಿಯ ಆಕ್ಷೇಪ ಬೇರೆ ದಾರಿಯಲ್ಲಿ ಬಂತು. ಅವಳು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳ ಆಡಿ ಗೆಲ್ಲಬಹುದಿತ್ತು. ಒಂದು ಹಾಳೆ ತಗೊಂಡು ಲೆಕ್ಕ ಬರೆಯಲು ಕೂತಳು. "ಇದಕ್ಕೆ 4ಕೆ ಟಿವಿ ಬೇಕಂತೆ, ನಮ್ದು ಅದಾ?" ಅಲ್ಲ. ನಮ್ಮದು 32 ಇಂಚಿನ ಹಳೇ ಟಿವಿ, ಎಡಗಡೆ ಮೂಲೆಯಲ್ಲಿ ಸ್ವಲ್ಪ ನೇರಳೆ. "ಮಗಳೂ ಆಡ್ಬೇಕು ಅಂದ್ರೆ ಇನ್ನೊಂದು ಕಂಟ್ರೋಲರ್?" 5,990. "ಆಟ ಅದರ ಒಳಗೇ ಇರುತ್ತಾ?" ಒಂದು ಇರುತ್ತೆ, ಪುಟ್ಟ ರೋಬೋಟಿನದು, ಪುಕ್ಕಟೆ. "ಮಿಕ್ಕಿದ್ದು?" ಒಂದೊಂದು ನಾಲ್ಕು ಸಾವಿರ, ಕೆಲವು 4,999. ಇದನ್ನು ಕೇಳಿ ಅಮ್ಮ ಅಡುಗೆ ಮನೆಯಿಂದ ಹೊರಗೆ ಬಂದರು. ಐದು ಸಾವಿರ ಕೊಟ್ಟರೆ ಅದರಲ್ಲಿ ಎಷ್ಟು ಜನ ಆಡಬಹುದು ಅಂತ ಕೇಳಿದರು. ಒಬ್ಬರೇ ಅಂದೆ. "ಒಬ್ಬರೇ ಆಡೋದು ಆಟ ಹೇಗಾಗುತ್ತೋ?" ಅಂದರು. ಅಮ್ಮ ಹುಣಸೆ ಬೀಜ ಅರ್ಧಕ್ಕೆ ತೇಯ್ದು ನಾಲ್ಕು ಜನರನ್ನು ಕೂರಿಸಿ ಚೌಕಾಬಾರ ಆಡಿಸಿದವರು. ಅವರಿಗೆ ಏನು ಉತ್ತರ ಕೊಡಲಿ?

ಡಿಸ್ಕ್ ಹಾಕಲು ಜಾಗವಿಲ್ಲದ ಇನ್ನೊಂದು ಮಾದರಿಗೆ 39,990 ಅಂತ ಬೆಲೆ ಹೇಳಿದ್ದರು. ಆದರೆ ಅದು ಮೊದಲ ದಿನ ಇಲ್ಲಿಗೆ ಬರುವುದಿಲ್ಲ ಅಂತ ಗೊತ್ತಾಯಿತು. ಬಂದಿದ್ದರೂ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಇಲ್ಲವೇ ಇನ್ನೊಬ್ಬರ ಹತ್ತಿರ ಬದಲಾಯಿಸಿಕೊಳ್ಳಬಹುದು. ಮಾರಲು ಬಾರದ ವಸ್ತುವನ್ನು ನಮ್ಮ ವಂಶದಲ್ಲಿ ಯಾರೂ ಕೊಂಡಿಲ್ಲ.

ಲೆಕ್ಕದಲ್ಲಿ ಒಂದು ಕಡೆ ಮಾತ್ರ ಅಪ್ಪ ನನ್ನ ಪರ ಸಿಟ್ಟಾದರು. ಒಳಗಿನ ಜಾಗ 825 ಜಿಬಿ ಅಂತ ಹೇಳಿದ್ದಾರೆ, ನಮಗೆ ಸಿಗುವುದು 667 ಅಂದೆ. ಮೂವತ್ತು-ನಲವತ್ತು ಸೈಟ್ ಅಂತ ಹೇಳಿ ರಸ್ತೆಗೆ, ಚರಂಡಿಗೆ ಅಂತ ಬಿಡಿಸಿಕೊಂಡು ಇಪ್ಪತ್ತೇಳು-ಮೂವತ್ತೇಳು ಅಳೆದುಕೊಟ್ಟ ಹಾಗಾಯಿತು ಅಂದರು. ಅವರಿಗೆ ಆ ಅನುಭವ ಆಗಿದೆ, ಆ ಸೈಟಿನಲ್ಲೇ ನಾವು ಈಗ ಇರುವುದು.

ಇಷ್ಟಾದ ಮೇಲೆ ಜಾಗದ ಪ್ರಶ್ನೆ ಎದ್ದಿತು. ಈ ಯಂತ್ರ ಎಷ್ಟು ದೊಡ್ಡದು ಅಂತ ಫೋಟೋ ನೋಡಿದರೆ ತಿಳಿಯುವುದಿಲ್ಲ. 39 ಸೆಂಟಿಮೀಟರ್ ಎತ್ತರ, 26 ಆಳ, ಹತ್ತೂ ಚಿಲ್ಲರೆ ದಪ್ಪ, ತೂಕ ನಾಲ್ಕೂವರೆ ಕಿಲೋ. ನಮ್ಮ ಶೋಕೇಸಿನಲ್ಲಿ ಆಗಲೇ ಮಗಳ ಕಪ್ಪುಗಳು, ಚನ್ನಪಟ್ಟಣದ ಗೊಂಬೆಗಳು, ಧರ್ಮಸ್ಥಳದಿಂದ ತಂದ ಫೋಟೋ, ಯಾರದೋ ಗೃಹಪ್ರವೇಶಕ್ಕೆ ಕೊಟ್ಟು ಅವರು ನಮ್ಮ ಗೃಹಪ್ರವೇಶಕ್ಕೆ ವಾಪಸ್ ಕೊಟ್ಟ ಗಡಿಯಾರ ಇದ್ದವು. ಜಾಗ ಇದೆ ಅಂತ ನಾನು, ಇಲ್ಲ ಅಂತ ಅವಳು. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಸ್ಕೇಲು ಹಿಡಿದು, ಅಳತೆಗೆ ಸರಿಯಾಗಿ ಕತ್ತರಿಸಿ, ಗಮ್ ಟೇಪ್ ಸುತ್ತಿ ಒಂದು ರಟ್ಟಿನ ಪ್ಲೇಸ್ಟೇಷನ್ ಮಾಡಿದೆ. ಮಗಳು ಅದಕ್ಕೆ ಬಿಳಿ ಡ್ರಾಯಿಂಗ್ ಶೀಟ್ ಅಂಟಿಸಿ ನಡುವೆ ಕಪ್ಪು ಬಣ್ಣ ಬಳಿದಳು. ನೋಡಲು ಸುಮಾರಾಗಿಯೇ ಇತ್ತು. ಟಿವಿ ಪಕ್ಕದಲ್ಲಿ ನಿಲ್ಲಿಸಿ, ಎರಡು ದಿನ ಇಟ್ಟು ನೋಡೋಣ ಅಂದೆ.

ಒಂದು ಸಂಜೆ ಕಳೆಯುವಷ್ಟರಲ್ಲಿ ಅದರ ಮೇಲೆ ಅಪ್ಪನ ಕನ್ನಡಕದ ಪೆಟ್ಟಿಗೆ ಬಂದಿತ್ತು. ಆಮೇಲೆ ಸ್ಕೂಟರ್ ಕೀ. ಆಮೇಲೆ ಕರೆಂಟ್ ಬಿಲ್ಲು, ಅದು ಹಾರಬಾರದು ಅಂತ ಒಂದು ಅಮೃತಾಂಜನದ ಡಬ್ಬಿ. ನಾನು ತೆಗೆದಿಟ್ಟರೆ ಮತ್ತೆ ಬರುತ್ತಿತ್ತು. ಒರಿಜಿನಲ್ ಬಂದಾಗ ಅದರ ಮೇಲೆ ಏನೂ ಇಡುವಂತಿಲ್ಲ, ಗಾಳಿ ಆಡಬೇಕು, ಬಿಸಿಯಾಗುತ್ತೆ ಅಂತ ಎಲ್ಲರಿಗೂ ತಿಳಿಸಿ ಹೇಳಿದೆ. "ಬಂದಾಗ ನೋಡೋಣ" ಅಂದರು ಅಪ್ಪ. ಅಮ್ಮ ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟು ಸಾಮಾನನ್ನೆಲ್ಲ ತೆಗೆಸಿದರು. ತೆಗೆಸಿ, ದೂಳು ಕೂರಬಾರದು ಅಂತ ಕ್ರೋಶಾದ ಬಟ್ಟೆ ಹೊದಿಸಿದರು.

ನೆಂಟರೊಬ್ಬರು ಬಂದವರು ಅದನ್ನು ನೋಡಿ "ಏರ್ ಪ್ಯೂರಿಫೈಯರ್ ತಗೊಂಡ್ರಾ? ಒಳ್ಳೇದಾಯ್ತು, ಈಗಿನ ಕಾಲಕ್ಕೆ ಬೇಕು" ಅಂದರು. ಅವರು ಹೋಗುವ ತನಕ ಯಾರೂ ತಿದ್ದಲಿಲ್ಲ. ಇಲ್ಲಿ ಗಾಳಿ ಚೆನ್ನಾಗಿದೆ ಅಂತಲೂ ಹೇಳಿದರು.

ಪ್ರೀ ಆರ್ಡರ್ 2021ರ ಜನವರಿ 12, ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ. ಮನೆಗೆ ಬರುವುದು ಫೆಬ್ರವರಿ 2ಕ್ಕೆ. ಲೆಕ್ಕದ ಹಾಳೆಯ ಕೆಳಗೆ ಹೆಂಡತಿ ಏನು ಬರೆದಳೋ ಗೊತ್ತಿಲ್ಲ, "ನಿಮ್ಮಿಷ್ಟ" ಅಂದಳು. ಮದುವೆಯಾದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೂ ನಾನು ಅದನ್ನು ಒಪ್ಪಿಗೆ ಅಂತಲೇ ಇಟ್ಟುಕೊಂಡೆ. ಬಡ್ಡಿಯಿಲ್ಲದ ಕಂತಿನ ಸೌಲಭ್ಯ ಇದ್ದದ್ದು ಅವಳ ಕಾರ್ಡಿಗೆ. ಅಂದರೆ ಒಟಿಪಿ ಬರುವುದು ಅವಳ ಫೋನಿಗೆ. ಇಲ್ಲಿ ಒಂದು ಸಣ್ಣ ತೊಡಕಿತ್ತು. ಆ ವರ್ಷ ಅವಳ ಫೋನು ಬೆಳಗಿನಿಂದ ಮಧ್ಯಾಹ್ನದ ತನಕ ಮಗಳ ಶಾಲೆಯಾಗಿತ್ತು. ಆನ್‌ಲೈನ್ ಕ್ಲಾಸು.

ನಾಡಿದ್ದು ಸಂಕ್ರಾಂತಿ. ಹಾಲಿನ ತುಂಬ ಪೇಪರ್ ಹಾಸಿ ಅಮ್ಮ, ಹೆಂಡತಿ ಕೊಬ್ಬರಿ ಹೆಚ್ಚುತ್ತಿದ್ದರು. ಅಪ್ಪ ಬೆಲ್ಲದ ಅಚ್ಚು ಕುಟ್ಟುತ್ತಿದ್ದರು. ನಾನು ರೂಮಿನಲ್ಲಿ ಆಫೀಸಿನ ಮೀಟಿಂಗ್ ಒಂದು ಕಿಟಕಿಯಲ್ಲಿ, ಅಂಗಡಿಯ ವೆಬ್‌ಸೈಟ್ ಇನ್ನೊಂದು ಕಿಟಕಿಯಲ್ಲಿ ತೆರೆದುಕೊಂಡು ಕೂತಿದ್ದೆ. ಭಾಮೈದ ಫೋನಿನಲ್ಲಿ ಇದ್ದ, ಅವನು ಇನ್ನೊಂದು ಅಂಗಡಿಯ ಸೈಟಿನಲ್ಲಿ. ಹನ್ನೆರಡು ಹೊಡೆಯಿತು. "ಭಾವ, ಒತ್ತಿ!" ಒತ್ತಿದೆ. ಪುಟ ಬಿಳಿಯಾಯಿತು. ಇನ್ನೊಮ್ಮೆ ಒತ್ತಿದೆ. ಬಂಡಿ ಗುರುತು ಬಂತು, ಕಾರ್ಡಿನ ನಂಬರು ಕೇಳಿತು, ಕೊಟ್ಟೆ. ಒಟಿಪಿ ಕಳಿಸಿದ್ದೇವೆ ಅಂತು. ಇತ್ತ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ನನ್ನ ಹೆಸರು ಹಿಡಿದು ಈ ತ್ರೈಮಾಸಿಕದಲ್ಲಿ ಯಾವುದು ತಡವಾಗುತ್ತಿದೆ ಅಂತ ಕೇಳಿದರು.

"ಒಟಿಪಿ!" ಅಂತ ಕೂಗಿದೆ. ಮೀಟಿಂಗ್ ಮ್ಯೂಟ್‌ನಲ್ಲಿ ಇರಲಿಲ್ಲ.

ನಾನು ಕೂಗಿದ್ದು ಮಗಳಿಗೆ. ಮಗಳು ತಂದೆ ಹೇಳಿದ ಮಾತು ಕೇಳುವವಳು. ಅವಳದೂ ಮ್ಯೂಟ್‌ನಲ್ಲಿ ಇರಲಿಲ್ಲ, ಆಗ ತಾನೇ ಮಿಸ್ಸಿಗೆ ಉತ್ತರ ಹೇಳಿ ಮುಗಿಸಿದ್ದಳು. ಸ್ಪಷ್ಟವಾಗಿ, ಒಂದೊಂದೇ ಅಂಕಿ ಬಿಡಿಸಿ, ಇಡೀ ನಾಲ್ಕನೇ ಕ್ಲಾಸಿಗೆ ಕೇಳುವ ಹಾಗೆ ಓದಿದಳು. ಕೆಲವು ಮಕ್ಕಳು ಅದನ್ನು ಪಾಠ ಅಂದುಕೊಂಡು ಅವಳ ಹಿಂದೆಯೇ ಹೇಳಿದರಂತೆ. ಮಿಸ್ಸು "ಇದು ಯಾವ ಲೆಕ್ಕದ ಉತ್ತರ ಪುಟ್ಟಾ?" ಅಂತ ಕೇಳಿದರಂತೆ. ಅಷ್ಟರಲ್ಲಿ ಕೊಬ್ಬರಿ ಬಿಟ್ಟು ಓಡಿ ಬಂದ ಹೆಂಡತಿ ಎಣ್ಣೆ ಕೈಯಲ್ಲಿ ಫೋನು ಹಿಡಿಯಲು ಹೋಗಿ, ಕ್ಲಾಸಿನಿಂದಲೇ ಹೊರಗೆ ಬಂದಳು. ನಾನು ಅಂಕಿಗಳನ್ನು ಹಾಕಿ ಒತ್ತುವ ಹೊತ್ತಿಗೆ ಪರದೆಯ ಮೇಲೆ ಕೆಂಪಕ್ಷರ ಬಂದಿತ್ತು. ದಾಸ್ತಾನು ಮುಗಿದಿದೆ.

ಕೆಲವೇ ನಿಮಿಷದಲ್ಲಿ ಇಡೀ ದೇಶಕ್ಕೆ ಬಂದ ಮಾಲು ಖಾಲಿಯಾಗಿತ್ತು. ಆ ಕಡೆಯಿಂದ ಭಾಮೈದ ಕಿರುಚಿದ. ಅವನಿಗೆ ಸಿಕ್ಕಿತ್ತು.

ಅಪ್ಪ ಬೆಲ್ಲ ಕುಟ್ಟುವುದನ್ನು ನಿಲ್ಲಿಸಿ ಬಾಗಿಲಲ್ಲಿ ಇಣುಕಿದರು. ಸಿಗಲಿಲ್ಲ ಅಂದೆ. "ಹೋಗ್ಲಿ ಬಿಡು" ಅಂದರು. ಅವರ ದನಿಯಲ್ಲಿ ಇದ್ದ ಸಂತೋಷವನ್ನು ಬೇರೆ ಯಾರಾದರೂ ಆಗಿದ್ದರೆ ಗುರುತಿಸುತ್ತಿರಲಿಲ್ಲ.

ಮುಂದೆ ಯಾಕೆ ಸಿಗಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಕೊರೊನಾದಿಂದ ಚಿಪ್ಪುಗಳಿಗೆ ಬರ ಬಂತು. ಮನೆಯಲ್ಲಿ ಕೂತವರೆಲ್ಲ ಲ್ಯಾಪ್‌ಟಾಪು, ಟಿವಿ ಕೊಂಡರು. ಕಾರು ಕಂಪನಿಗಳೂ ಅದೇ ಚಿಪ್ಪಿಗೆ ಕಾದು ಕೂತವು. ಕನ್ಸೋಲು ಅಪರೂಪಕ್ಕೆ ಒಂದು ಮಧ್ಯಾಹ್ನ ಬರುವುದು, ನಿಮಿಷದಲ್ಲಿ ಮುಗಿಯುವುದು. ಆ ಮಧ್ಯಾಹ್ನ ನನಗೆ ಯಾವಾಗಲೂ ಮೀಟಿಂಗ್ ಇರುತ್ತಿತ್ತು. ಮೆಜೆಸ್ಟಿಕ್ಕಿನ ಕಡೆ ಒಬ್ಬ ಸಿಗುತ್ತೆ ಸಾರ್ ಅಂದ, ಹದಿನೆಂಟು ಸಾವಿರ ಮೇಲೆ ಕೇಳಿದ. ಬಿಲ್ಲು ಕೊಡ್ತೀಯಾ ಅಂತ ಕೇಳಿದೆ. ಅವನು ನನ್ನನ್ನು ಬಿಟ್ಟು ಪಕ್ಕದವರ ಹತ್ತಿರ ಮಾತಾಡಲು ಶುರು ಮಾಡಿದ.

ಭಾಮೈದನ ಮನೆಗೆ ಹೋಗಿ ನೋಡಿದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಂಟ್ರೋಲರ್ ಕೈಯಲ್ಲಿ ಹಿಡಿದರೆ ಆಟದಲ್ಲಿ ಮರಳಿನ ಮೇಲೆ ನಡೆದರೆ ಮರಳಿನ ಜುಮ್ಮು, ಮಳೆ ಬಂದರೆ ಹನಿಯ ಜುಮ್ಮು. ಅದು ಆ ಪುಕ್ಕಟೆ ರೋಬೋಟಿನ ಆಟ. "ಬೇರೆ ಏನು ಆಡ್ತಿದ್ದೀಯಾ?" ಅಂತ ಕೇಳಿದೆ. ತಡವರಿಸಿದ. ಹೊಸ ಯಂತ್ರಕ್ಕೆ ಅಂತಲೇ ಮಾಡಿದ ಆಟಗಳು ಆಗ ಬೆರಳೆಣಿಕೆಯಷ್ಟು. ಮಿಕ್ಕ ದೊಡ್ಡ ಆಟಗಳೆಲ್ಲ ಹಳೇ ಪ್ಲೇಸ್ಟೇಷನ್ 4ರಲ್ಲೂ ಬರುತ್ತಿದ್ದವು. 2022ರ ನವೆಂಬರಿನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಕೂಡ ಎರಡಕ್ಕೂ ಬಂತು. ಹಳೆಯದನ್ನು ಯಾರಿಗೋ ಆರು ಸಾವಿರಕ್ಕೆ ಕೊಟ್ಟಿದ್ದ ಪುಣ್ಯಾತ್ಮ, ಹೊಸದರಲ್ಲಿ ಕೂತು ಹಳೇ ಆಟಗಳನ್ನೇ ಆಡುತ್ತಿದ್ದ. "ಲೋಡಿಂಗ್ ಎಷ್ಟು ಬೇಗ ಆಗುತ್ತೆ ನೋಡಿ ಭಾವ" ಅಂದ. ನಿಜ, ತುಂಬ ಬೇಗ ಆಯಿತು. ಆಮೇಲೆ ಯೂಟ್ಯೂಬ್ ಹಾಕಿದ. ಅದೂ ಬೇಗ ಆಯಿತು.

ಇತ್ತ ನಮ್ಮ ಮನೆಯ ರಟ್ಟಿನದು ಕಾಯಂ ಆಗಿಬಿಟ್ಟಿತ್ತು. ಅದನ್ನು ಎಸೆಯೋಣ ಅಂದರೆ ಅಪ್ಪನ ಕನ್ನಡಕ ಎಲ್ಲಿಡುವುದು ಅನ್ನುವ ಪ್ರಶ್ನೆ. ಆ ವರ್ಷ ಆಯುಧಪೂಜೆ ದಿನ ಅಮ್ಮ ಫ್ರಿಜ್ಜು, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತ ಬಂದವರು ಅದಕ್ಕೂ ಇಟ್ಟು ಒಂದು ಸೇವಂತಿಗೆ ಸಿಕ್ಕಿಸಿದರು. "ಅಮ್ಮಾ, ಅದು ರಟ್ಟು" ಅಂದೆ. "ಗೊತ್ತು. ನೀನು ಅಷ್ಟು ಆಸೆ ಪಟ್ಟಿದ್ದೀಯಲ್ಲ, ಇರ್ಲಿ" ಅಂದರು. ಅಪ್ಪ ಪಕ್ಕದಿಂದ "ಇದಕ್ಕೆ ಕರೆಂಟೂ ಬೇಡ" ಅಂದರು.

ಎರಡು ವರ್ಷ ಕಾದದ್ದಕ್ಕೆ ಅಪ್ಪನ ಸಿದ್ಧಾಂತದ ಪ್ರಕಾರ ಬೆಲೆ ಇಳಿಯಬೇಕಿತ್ತು. 2022ರ ನವೆಂಬರಿನಲ್ಲಿ ಅದು ಬದಲಾಯಿತು. 54,990. ಐದು ಸಾವಿರ ಏರಿತ್ತು. ಕನ್ಸೋಲ್‌ಗಳ ಇತಿಹಾಸವನ್ನು ಅಷ್ಟು ಓದಿದ್ದೆನಲ್ಲ, ಮುದುಕಿಯಾದ ಯಂತ್ರಕ್ಕೆ ಬೆಲೆ ಏರಿಸಿದ ಉದಾಹರಣೆ ಅದರಲ್ಲಿ ಎಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಡುನಡುವೆ ಹಬ್ಬಕ್ಕೆ, ಬೇಸಿಗೆಗೆ ಅಂತ ರಿಯಾಯಿತಿ ಬರುತ್ತಿತ್ತು, ಆದರೆ ಅಚ್ಚು ಹಾಕಿದ ಬೆಲೆ ಕೆಳಗೆ ಬರಲಿಲ್ಲ. ಈಗ ಸಿಕ್ಕರು ಅಂದುಕೊಂಡು ಪತ್ರಿಕೆ ಹಿಡಿದು ಅಪ್ಪನ ಮುಂದೆ ನಿಂತೆ.

"ನೋಡಿ ಅಪ್ಪ, ಏರಿದೆ. ನೀವು ಇಳಿಯುತ್ತೆ ಅಂದ್ರಿ."

ಕನ್ನಡಕ ತಗೊಂಡು, ಎಲ್ಲಿಂದ ಅಂತ ಬೇರೆ ಹೇಳಬೇಕಿಲ್ಲ, ಪೂರ್ತಿ ಓದಿದರು. "ಹಾಗಾದ್ರೆ ಇನ್ನು ತಗೊಳ್ಳೋ ಪ್ರಶ್ನೆನೇ ಇಲ್ಲ. ಐವತ್ತಕ್ಕೆ ತಗೊಳ್ದೇ ಇದ್ದೋನು ಐವತ್ತೈದಕ್ಕೆ ಯಾಕೆ ತಗೋಬೇಕು?" ಅಂದರು.

ವಾದದಲ್ಲಿ ಎಲ್ಲೋ ಒಂದು ತೂತಿದೆ ಅಂತ ಅನ್ನಿಸಿತು. ಇವತ್ತಿಗೂ ಅದು ಎಲ್ಲಿದೆ ಅಂತ ಸಿಕ್ಕಿಲ್ಲ.

2024ರ ಏಪ್ರಿಲಿನಲ್ಲಿ ತೆಳ್ಳಗಿನ ಮಾದರಿ ಇಲ್ಲಿಗೆ ಬಂತು. ಎತ್ತರ ಮೂರು ಸೆಂಟಿಮೀಟರ್ ಕಡಿಮೆ, ಆಳವೂ ಕಡಿಮೆ, ಬೆಲೆ ಮಾತ್ರ ಅದೇ 54,990. ಮಗಳು ರಟ್ಟಿನದನ್ನು ಕೆತ್ತಿ ಸಣ್ಣ ಮಾಡೋಣ ಅಂದಳು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದಲ್ಲಿ ಪ್ಲೇಸ್ಟೇಷನ್ 5 ಪ್ರೋ ಬಂತು. 699 ಡಾಲರ್ ಚಿಲ್ಲರೆ, ಡಿಸ್ಕ್ ಹಾಕುವ ಭಾಗ ಬೇಕಾದರೆ ಬೇರೆ ದುಡ್ಡು. ಅದನ್ನಾದರೂ ಮೊದಲ ದಿನವೇ ತಗೊಳ್ಳಲೇ ಅಂತ ಯೋಚಿಸುವ ಕಷ್ಟವನ್ನೇ ನನಗೆ ಕೊಡಲಿಲ್ಲ. ಅದರೊಳಗಿನ ವೈ-ಫೈ 7ಕ್ಕೆ ಬೇಕಾದ 6 ಗಿಗಾಹರ್ಟ್ಸ್ ತರಂಗಕ್ಕೆ ನಮ್ಮ ದೇಶದಲ್ಲಿ ಆಗ ಅನುಮತಿ ಇರಲಿಲ್ಲ, ಆದ್ದರಿಂದ ಅದು ಆಗ ಇಲ್ಲಿಗೆ ಬರಲಿಲ್ಲ. ಅಪ್ಪನಿಗೆ ಹೇಳಿದೆ. ಸರ್ಕಾರದಲ್ಲಿ ತಿಳಿದವರು ಯಾರೋ ಇದ್ದಾರೆ ಅಂದರು.

ಆಮೇಲೆ 2025ರ ಜೂನ್ 5ಕ್ಕೆ ನಿಂಟೆಂಡೊ ಸ್ವಿಚ್ 2 ಅನ್ನುವ ಇನ್ನೊಂದು ಗೇಮ್ ಯಂತ್ರ ಬಂತು. ಆ ಹೊತ್ತಿಗೆ ಆಸೆ ಮಗಳಿಗೆ ಹತ್ತಿತ್ತು. ನಿಂಟೆಂಡೊದವರು ಆಗ ಭಾರತದಲ್ಲಿ ಅಂಗಡಿಯನ್ನೇ ತೆರೆದಿರಲಿಲ್ಲ, ಯಾರಾದರೂ ಹೊರಗಿನಿಂದ ತರಬೇಕಿತ್ತು. ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ಮಾರಿದರು ಅಂತ ಸುದ್ದಿ. ಅದರ ಜೊತೆಗೇ ಇನ್ನೊಂದು ಸುದ್ದಿ. ನ್ಯೂಯಾರ್ಕಿನ ಒಂದು ಅಂಗಡಿಯಲ್ಲಿ ಬಿಡುಗಡೆಯ ರಾತ್ರಿ ಸಾಲಾಗಿ ನಿಂತವರಿಗೆ, ಬಿಲ್ಲನ್ನು ಡಬ್ಬಕ್ಕೇ ಸ್ಟೇಪ್ಲರ್ ಹೊಡೆದು ಕೊಟ್ಟರಂತೆ. ಪಿನ್ನು ರಟ್ಟು ದಾಟಿ ಒಳಗಿದ್ದ ಪರದೆಗೆ ತೂತು ಹಾಕಿತಂತೆ. ಆಮೇಲೆ ಬದಲಾಯಿಸಿ ಕೊಟ್ಟರು, ಆ ಸ್ಟೇಪ್ಲರನ್ನೇ ದಾನಕ್ಕೆಂದು ಹರಾಜು ಹಾಕಿದರು, ಅದು ಬೇರೆ ವಿಷಯ. ಹೆಂಡತಿ ಈ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಏನೂ ಬರೆಯಲಿಲ್ಲ, ಬರೀ ಸುದ್ದಿ.

ಆ ವರ್ಷ ಗೌರಿ ಹಬ್ಬಕ್ಕೆ ಭಾಮೈದ ಬಂದ. ಅಷ್ಟರಲ್ಲಿ ಅವನಿಗೆ ಮದುವೆಯಾಗಿ, ಕೂಸೊಂದು ಅಂಬೆಗಾಲಿಡುತ್ತಿತ್ತು. ಒಂದು ಕೈಯಲ್ಲಿ ತವರಿನ ಅರಿಶಿನ ಕುಂಕುಮ, ಸೀರೆ, ಹಣ್ಣು. ಇನ್ನೊಂದು ಕೈಯಲ್ಲಿ ದೊಡ್ಡದೊಂದು ಬ್ಯಾಗು. ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಒಬ್ಬಟ್ಟಿನ ಊಟ ಮುಗಿಸಿ, ಬ್ಯಾಗಿನ ಜಿಪ್ಪು ಎಳೆದ. ಅದೇ ಯಂತ್ರ. ಬಿಳಿ ಬಣ್ಣ ಸ್ವಲ್ಪ ಮಾಸಿತ್ತು. ಮಗು ಅದರ ಸಂದಿಗೆ ಬಿಸ್ಕತ್ ತುರುಕುತ್ತಿದೆಯಂತೆ, ಅವನ ಹೆಂಡತಿ ಗಡುವು ಕೊಟ್ಟಿದ್ದಾಳಂತೆ.

"ಭಾವ, ನೀವು ಮೊದಲಿಂದ ಕೇಳ್ತಿದ್ರಲ್ಲ, ಅದಕ್ಕೆ ಹೊರಗಿನವರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಇಪ್ಪತ್ತೆಂಟಕ್ಕೆ ತಗೊಳ್ಳಿ."

"ಹಬ್ಬದ ದಿನ ಅಕ್ಕನ ಮನೆಗೆ ಬಂದು ವ್ಯಾಪಾರ ಮಾಡ್ತಿದ್ದೀಯೇನೋ?" ಅಂದಳು ನನ್ನ ಹೆಂಡತಿ.

"ವ್ಯಾಪಾರ ಅಲ್ಲ ಅಕ್ಕ. ಅಮೆರಿಕದಲ್ಲಿ ಮೊನ್ನೆ ತಾನೆ ಇನ್ನೂ ಐವತ್ತು ಡಾಲರ್ ಏರಿಸಿದ್ದಾರೆ. ಇಪ್ಪತ್ತೆಂಟು ಅಂದ್ರೆ ಪುಕ್ಕಟೆ."

ನಾನು ಯಂತ್ರವನ್ನು ಎತ್ತಿ ರಟ್ಟಿನದರ ಪಕ್ಕಕ್ಕೆ ಹಿಡಿದು ನೋಡಿದೆ. ಅಳತೆ ಕರಾರುವಾಕ್ಕಾಗಿತ್ತು. ಅಪ್ಪ ದಿವಾನದ ಮೇಲಿನಿಂದ ಎದ್ದು ಬಂದರು. ಬಿಲ್ ಇದೆಯಾ ಅಂದರು. ಇದೆ. ವಾರಂಟಿ? ಮುಗಿದಿದೆ. ತಿರುಗಿಸಿ ಹಿಂದೆ ಬರೆದಿದ್ದ ವ್ಯಾಟ್ ಓದಿದರು. ಭಾಮೈದನ ಮುಖ ನೋಡಿದರು. ಅವನು "ಇಪ್ಪತ್ತೈದು. ನಿಮಗೋಸ್ಕರ, ಒಂದು ಆಟಾನೂ ಸೇರಿಸಿ" ಅಂದ.

ನನ್ನ ಕೈ ಜೇಬಿನಲ್ಲಿದ್ದ ಫೋನಿಗೆ ಹೋಗಿತ್ತು. ಅಪ್ಪ ಮೆಲ್ಲಗೆ ನನ್ನ ಮೊಣಕೈ ಹಿಡಿದು, ಕಿವಿಯ ಹತ್ತಿರ ಬಗ್ಗಿದರು.

"ಸುಮ್ನಿರು. ಕಾದ್ರೆ ಇಳೀತಾನೆ."